ಯಾವ ಊರಿನ ನೀರು? ದ್ವೀಪ ಟರ್ಮಿನಲ್‌ನ ರಫ್ತು ತೈಲದಲ್ಲಿ ನೀರು ಹೆಚ್ಚಾದಾಗ ಮೂಲ ಹುಡುಕುವ ಬಗೆ

ಸುದ್ದಿ ಬರುವುದು ಹೆಚ್ಚಾಗಿ ನಸುಕಿನಲ್ಲಿ, ರಾತ್ರಿ ಶಿಫ್ಟ್‌ನವರ ಕಣ್ಣು ಎಳೆಯುವ ಹೊತ್ತಿಗೆ. ಲ್ಯಾಬ್‌ನಿಂದ ಫೋನ್: ಟ್ಯಾಂಕ್‌ಗೆ ಇಳಿಯುತ್ತಿರುವ ತೈಲದಲ್ಲಿ ನೀರು ಮತ್ತು ಕೆಸರು ಶೇ 0.8. ರಫ್ತಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ ಶೇ 0.5. ಹಡಗು ನಾಳೆ ಬರಲಿದೆ. ಇಷ್ಟು ಕಿವಿಗೆ ಬಿದ್ದ ಕೂಡಲೇ ನಿಯಂತ್ರಣ ಕೊಠಡಿಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಡಿಮಲ್ಸಿಫೈಯರ್ ಏರಿಸಿ." ಎಣ್ಣೆ ಮತ್ತು ನೀರಿನ ನಂಟು ಬಿಡಿಸುವ ಆ ರಾಸಾಯನಿಕದ ಪಂಪ್ ಕೈಗೆಟುಕುವಷ್ಟು ಹತ್ತಿರವಿದೆ, ತಿರುಗಿಸುವುದು ಸುಲಭ, ಸುಮ್ಮನೆ ಕೂರಲಿಲ್ಲ ಎಂಬ ಸಮಾಧಾನವೂ ಸಿಗುತ್ತದೆ.

ಆ ಪಂಪ್ ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇದು ಯಾವ ಊರಿನ ನೀರು? ಬಾವಿಯದೋ, ಸಮುದ್ರದ್ದೋ, ಉಪ್ಪು ತೊಳೆಯಲು ನಾವೇ ಬಿಟ್ಟದ್ದೋ, ಉಗಿ ತಣಿದು ಆದದ್ದೋ? ಎಷ್ಟು ನೀರು ಎಂದು ಕೇಳುವುದು ಕೊಳ್ಳುವವರ ಕೆಲಸ. ಎಲ್ಲಿಯ ನೀರು ಎಂದು ಕೇಳಬೇಕಾದವರು ನಾವು. ಇದಕ್ಕೆ ಉತ್ತರ ಸಿಗದೆ ರಾಸಾಯನಿಕ ಸುರಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ನಾನೂ ಒಮ್ಮೆ ಒಂಬತ್ತು ದಿನ ಹಾಗೆ ಬರೆ ಎಳೆದವನೇ. ಆ ಕಥೆಗೆ ಆಮೇಲೆ ಬರುತ್ತೇನೆ.

ತೈಲ ಬರುವ ದಾರಿ

ಅಬುಧಾಬಿಯ ದಾಸ್ ಮತ್ತು ಜಿರ್ಕು, ಕತಾರಿನ ಹಲೂಲ್: ಕೊಲ್ಲಿಯ ಈ ದ್ವೀಪಗಳಲ್ಲಿ ಯಂತ್ರಗಳ ಜೋಡಣೆ ಒಂದೊಂದು ಕಡೆ ಒಂದೊಂದು ಬಗೆ, ಆದರೆ ಕೆಲಸದ ಹದ ಒಂದೇ. ಸಮುದ್ರದ ನಡುವಿನ ವೇದಿಕೆಗಳಿಂದ ತೈಲವು ತಳದ ಪೈಪ್‌ಲೈನ್ ಮೂಲಕ ದ್ವೀಪ ಸೇರುತ್ತದೆ. ಸೆಪರೇಟರ್‌ನಲ್ಲಿ ಅನಿಲ, ತೈಲ, ನೀರು ಬೇರೆಯಾಗುತ್ತವೆ. ಡಿಸಾಲ್ಟರ್‌ನಲ್ಲಿ ಸಿಹಿನೀರು ಬೆರೆಸಿ ಉಪ್ಪು ತೊಳೆದು, ಹೆಚ್ಚಿನ ವೋಲ್ಟೇಜ್‌ನ ನಡುವೆ ಹಾಯಿಸಿ ನೀರಿನ ಹನಿಗಳನ್ನು ಕೂಡಿಸುತ್ತಾರೆ. ಸ್ಟೆಬಿಲೈಸರ್ ಗೋಪುರದಲ್ಲಿ ಉಳಿದ ಹಗುರ ಅನಿಲವನ್ನೂ ಹೈಡ್ರೋಜನ್ ಸಲ್ಫೈಡನ್ನೂ ಓಡಿಸುತ್ತಾರೆ. ಬಿಸಿ ತೈಲವನ್ನು ಕೂಲರ್‌ನಲ್ಲಿ ತಣಿಸಿ ಟ್ಯಾಂಕ್‌ಗೆ ಇಳಿಸುತ್ತಾರೆ. ಅಲ್ಲಿಂದ ರಫ್ತು ಪಂಪ್, ಮೀಟರ್, ಸಮುದ್ರದಲ್ಲಿ ತೇಲುವ ಲೋಡಿಂಗ್ ಬೋಯ್, ಹಡಗು.

1958ರಲ್ಲಿ ಪತ್ತೆಯಾದ ಉಮ್ ಶೈಫ್ ಕ್ಷೇತ್ರದ ತೈಲ 1962ರಲ್ಲಿ ದಾಸ್ ದ್ವೀಪದಿಂದಲೇ ಮೊದಲ ಸಲ ಹಡಗೇರಿತು. ಆ ದ್ವೀಪದ ಉದ್ದ ಸುಮಾರು 2.4 ಕಿಲೋಮೀಟರ್, ಅಗಲ 1.2. ನಮ್ಮ ಕರಾವಳಿಯ ಒಂದು ಸಣ್ಣ ಗ್ರಾಮದಷ್ಟು ನೆಲ. ಇಂಥ ಕಡೆ ಎಲ್ಲವೂ ಮೈಗೆ ಮೈ ತಾಗಿಸಿಕೊಂಡಿರುತ್ತದೆ. ತಣಿಸುವ ಸಮುದ್ರದ ನೀರು, ಬಿಸಿ ಮಾಡುವ ಉಗಿ, ತೊಳೆಯುವ ಸಿಹಿನೀರು, ಬೆಂಕಿ ಆರಿಸುವ ನೀರು, ಇವಕ್ಕೂ ಕಚ್ಚಾ ತೈಲಕ್ಕೂ ನಡುವೆ ಹಲವೆಡೆ ಇರುವುದು ಒಂದೆರಡು ಮಿಲಿಮೀಟರ್ ದಪ್ಪದ ಲೋಹ ಅಥವಾ ಒಂದು ವಾಲ್ವ್ ಮಾತ್ರ. ದೋಷ ಹುಡುಕುವವನು ಈ ನೆರೆಹೊರೆಯನ್ನು ಮರೆಯಬಾರದು.

ಮೊದಲು ಬಾಟಲಿಯನ್ನು ಅನುಮಾನಿಸಿ

ಲ್ಯಾಬ್‌ನ ಅಂಕಿ ಸುಳ್ಳಾಗಿರದಿದ್ದರೂ ಬಾಟಲಿ ಸುಳ್ಳು ಹೇಳಬಹುದು. ಮಲಗಿದ ಪೈಪಿನಲ್ಲಿ ತೈಲ ನಿಧಾನಕ್ಕೆ ಹರಿಯುವಾಗ, ಅಂದಾಜು ಸೆಕೆಂಡಿಗೆ ಒಂದು ಮೀಟರ್‌ಗಿಂತ ಕೆಳಗೆ, ನೀರು ತಳಕ್ಕೆ ಇಳಿದು ಬೇರೆಯೇ ಹರಿಯುತ್ತದೆ. ಪೈಪಿನ ತಳದಿಂದ ತೆಗೆದ ಮಾದರಿಯಲ್ಲಿ ಬರೀ ನೀರು ಕಾಣಬಹುದು, ನೆತ್ತಿಯಿಂದ ತೆಗೆದದ್ದರಲ್ಲಿ ಏನೂ ಕಾಣದಿರಬಹುದು. ಮಾದರಿ ತೆಗೆಯುವ ಸಣ್ಣ ಪೈಪ್‌ನಲ್ಲಿ ನಿನ್ನೆಯ ತೈಲ ನಿಂತಿರುತ್ತದೆ. ಅದನ್ನು ಮುಚ್ಚಿದ ವ್ಯವಸ್ಥೆಗೆ ಹರಿಬಿಟ್ಟು ಆಮೇಲೆ ಹಿಡಿಯಬೇಕು. ಬಾಟಲಿಯನ್ನು ಕಂಠದವರೆಗೆ ತುಂಬಿದರೆ ಲ್ಯಾಬ್‌ನಲ್ಲಿ ಕುಲುಕಲು ಜಾಗವಿರುವುದಿಲ್ಲ, ಕುಲುಕದಿದ್ದರೆ ತಳದ ನೀರು ತಳದಲ್ಲೇ ಉಳಿಯುತ್ತದೆ. ಮುಕ್ಕಾಲು ತುಂಬಿದರೆ ಸಾಕು.

ಒಂದೇ ಮಾದರಿಯನ್ನು ಎರಡು ವಿಧಾನದಲ್ಲಿ ಅಳೆಸಿ. ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ತೈಲ, ಅರ್ಧ ಟಾಲ್ವೀನ್ ಹಾಕಿ 60 ಡಿಗ್ರಿಗೆ ಬಿಸಿ ಮಾಡಿ ತಿರುಗಿಸಿದಾಗ ನಳಿಕೆಯ ತುದಿಯಲ್ಲಿ ನೀರು ಕೂರುತ್ತದೆ. ಕಣ್ಣಿಗೆ ಕಾಣುವ ನೀರೇ ಆದರೂ ಅದು ಪೂರ್ತಿ ಲೆಕ್ಕವಲ್ಲ. ಗಟ್ಟಿ ಎಮಲ್ಷನ್, ಅಂದರೆ ಎಣ್ಣೆ ಮತ್ತು ನೀರು ಬಿಡಿಸಲಾಗದಂತೆ ಬೆರೆತ ಗೊಜ್ಜು, ಇದ್ದರೆ ಸೆಂಟ್ರಿಫ್ಯೂಜ್ ಕಡಿಮೆ ತೋರಿಸುತ್ತದೆ, ರಾಸಾಯನಿಕ ಕ್ರಿಯೆಯಿಂದ ನೀರು ಅಳೆಯುವ ಕಾರ್ಲ್ ಫಿಶರ್ ವಿಧಾನ ಅದನ್ನು ಹಿಡಿಯುತ್ತದೆ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಆ ಅಂತರವೇ ಒಂದು ಸುಳಿವು: ನೀರು ಬಹಳ ನುಣ್ಣಗೆ ಒಡೆದಿದೆ, ಎಲ್ಲೋ ಕಡೆಯುವ ಕೆಲಸ ಜೋರಾಗಿದೆ.

ಪೈಪಿನಲ್ಲಿ ಕೂರಿಸಿದ ನೀರು ಅಳೆಯುವ ಮೀಟರ್‌ನ ಮಾತನ್ನು ಏರಿಳಿತ ತಿಳಿಯಲು ಮಾತ್ರ ಕೇಳಿ. ಅದರ ಕಡ್ಡಿಗೆ ಮೇಣ ಹತ್ತಿದರೂ ತೈಲದ ಸಾಂದ್ರತೆ ಬದಲಾದರೂ ಅಂಕಿ ಸರಿಯುತ್ತದೆ. ಯಾವಾಗ ಏರಿತು, ಎಷ್ಟು ಗಂಟೆಗೆ ಇಳಿಯಿತು ಎಂಬುದನ್ನು ಅದರಿಂದ ತೆಗೆದುಕೊಳ್ಳಿ. ಎಷ್ಟು ಎಂಬುದನ್ನು ಲ್ಯಾಬ್ ಹೇಳಲಿ.

ಇಲ್ಲಿ ಒಂದು ಮಾತು, ಇದು ಕೈಪಿಡಿಯ ಶಿಷ್ಟಾಚಾರವಲ್ಲ. ಕೊಲ್ಲಿಯ ಅನೇಕ ತೈಲಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಓಡಬಹುದು ಎಂದುಕೊಂಡವರು ತಿಳಿಯಬೇಕು: ಹತ್ತು ಲಕ್ಷಕ್ಕೆ ನೂರು ಭಾಗದ ಆಸುಪಾಸಿನಲ್ಲಿ ಮೂಗು ಸೋಲುತ್ತದೆ, ವಾಸನೆಯೇ ನಿಲ್ಲುತ್ತದೆ. ವಾಸನೆ ಹೋಯಿತು ಎಂದು ನೆಮ್ಮದಿಪಡುವ ಹೊತ್ತೇ ಅಪಾಯದ ಹೊತ್ತು. ಸೆಪರೇಟರ್ ಮತ್ತು ಡಿಸಾಲ್ಟರ್‌ನ ಮಾದರಿಗೆ ಉಸಿರಾಟದ ಸಾಧನ ಧರಿಸಿ, ಗಾಳಿಗೆ ಬೆನ್ನು ಕೊಟ್ಟು, ಜೊತೆಗೊಬ್ಬನನ್ನು ದೂರದಲ್ಲಿ ನಿಲ್ಲಿಸಿಯೇ ಹೋಗಿ. ಹಾಗೆಯೇ ಟ್ಯಾಂಕ್ ತುಂಬಿಸುವುದು ನಿಂತ ಮೇಲೆ ಅರ್ಧ ಗಂಟೆ ಬಿಡದೆ ಮೇಲಿನಿಂದ ಅಳತೆ ಟೇಪ್ ಇಳಿಸಬೇಡಿ. ತೈಲ ಹರಿದು ಹುಟ್ಟಿದ ಸ್ಥಾಯಿ ವಿದ್ಯುತ್ ಇಳಿಯಲು ಅಷ್ಟು ಹೊತ್ತು ಬೇಕು.

ಒಂದು ಭಾಗಾಕಾರ

ಈಗ ಮುಖ್ಯ ವಿಷಯ. ಲ್ಯಾಬ್ ನೀರನ್ನು ಮಾತ್ರವಲ್ಲ, ಉಪ್ಪನ್ನೂ ಅಳೆಯುತ್ತದೆ. ವರದಿಯಲ್ಲಿ ಇವೆರಡೂ ಬೇರೆ ಬೇರೆ ಸಾಲಿನಲ್ಲಿರುತ್ತವೆ, ಎರಡನ್ನೂ ಬೇರೆ ಬೇರೆಯಾಗಿಯೇ ಓದಿ ಬಿಡುತ್ತೇವೆ. ಅವನ್ನು ಒಂದರಿಂದ ಒಂದು ಭಾಗಿಸಿ ನೋಡುವವರು ಕಡಿಮೆ.

ಉಪ್ಪಿನ ಅಳತೆ ಪಿಟಿಬಿ, ಅಂದರೆ ಸಾವಿರ ಬ್ಯಾರೆಲ್ ತೈಲಕ್ಕೆ ಎಷ್ಟು ಪೌಂಡ್ ಉಪ್ಪು ಎಂಬುದು. 1 ಪಿಟಿಬಿ ಎಂದರೆ ಲೀಟರ್ ತೈಲಕ್ಕೆ ಸುಮಾರು 2.85 ಮಿಲಿಗ್ರಾಂ. ತೈಲದಲ್ಲಿನ ಉಪ್ಪು ಬಹುಪಾಲು ಅದರೊಳಗಿನ ನೀರಿನ ಹನಿಗಳಲ್ಲಿಯೇ ಕರಗಿರುತ್ತದೆ. ಹಾಗಾದರೆ ಆ ಹನಿಗಳ ನೀರು ಎಷ್ಟು ಉಪ್ಪು? ಪಿಟಿಬಿಯನ್ನು 0.285ರಿಂದ ಗುಣಿಸಿ, ನೀರಿನ ಶೇಕಡಾವಾರು ಅಂಕಿಯಿಂದ ಭಾಗಿಸಿ. ಬರುವ ಉತ್ತರ ಲೀಟರ್ ನೀರಿಗೆ ಎಷ್ಟು ಗ್ರಾಂ ಉಪ್ಪು ಎಂಬುದು. ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲಿ ಹತ್ತು ಸೆಕೆಂಡಿನ ಕೆಲಸ.

ನೀರು ಅದೇ ಶೇ 0.8 ಎಂದು ಇಟ್ಟುಕೊಳ್ಳೋಣ. ಉಪ್ಪು 505 ಪಿಟಿಬಿ ಇದ್ದರೆ ಉತ್ತರ ಲೀಟರಿಗೆ 180 ಗ್ರಾಂ. ಇಷ್ಟು ಕಟು ಉಪ್ಪು ಕೊಲ್ಲಿಯ ಸುಣ್ಣಕಲ್ಲಿನ ಪದರಗಳ ಬಾವಿ ನೀರಿಗೆ ಮಾತ್ರ ಸಾಧ್ಯ. ನಿಮ್ಮ ಕ್ಷೇತ್ರದ ನಿಖರ ಅಂಕಿಯನ್ನು ಲ್ಯಾಬ್‌ನಿಂದ ಕೇಳಿ ಗೋಡೆಗೆ ಅಂಟಿಸಿಕೊಳ್ಳಿ. ಉಪ್ಪು 118 ಇದ್ದರೆ ಉತ್ತರ 42, ಸರಿಸುಮಾರು ಕೊಲ್ಲಿಯ ಸಮುದ್ರದ ನೀರು. ಉಪ್ಪು 17 ಇದ್ದರೆ ಉತ್ತರ 6, ಅಂದರೆ ಡಿಸಾಲ್ಟರ್‌ನಲ್ಲಿ ತೊಳೆಯಲು ಬಿಟ್ಟ ನೀರು ಒಂದಿಷ್ಟು ಉಪ್ಪು ಹೀರಿಕೊಂಡು ಮುಂದಕ್ಕೆ ಜಾರಿದೆ. ನೀರು ಏರಿಯೂ ಉಪ್ಪು ಅಲುಗದಿದ್ದರೆ ಅದು ಉಗಿಯ ನೀರು ಅಥವಾ ಮಳೆಯ ನೀರು.

ನಾಲ್ಕು ನೀರು, ನಾಲ್ಕು ರುಚಿ. ಬಾಯಿಗೆ ಹಾಕಿ ನೋಡಬೇಕಿಲ್ಲ ಎಂಬುದೇ ಪುಣ್ಯ.

ಲೆಕ್ಕದಲ್ಲಿ ಎರಡು ಎಚ್ಚರ. ಎಲ್ಲವೂ ಸರಿಯಿದ್ದ ದಿನವೂ ತೈಲದಲ್ಲಿ ಸ್ವಲ್ಪ ನೀರು, ಸ್ವಲ್ಪ ಉಪ್ಪು ಇದ್ದೇ ಇರುತ್ತದೆ. ಆ ದಿನದ ಅಂಕಿಗಳನ್ನು ಎರಡರಿಂದಲೂ ಕಳೆದು ಆಮೇಲೆ ಭಾಗಿಸಿದರೆ ಹೊಸದಾಗಿ ಸೇರಿದ ನೀರಿನ ಗುಣ ಮಾತ್ರ ಉಳಿಯುತ್ತದೆ. ಇನ್ನು ಉತ್ತರ 320ಕ್ಕಿಂತ ಮೇಲೆ ಬಂದರೆ ನಂಬಬೇಡಿ. ಒಂದು ಲೀಟರ್ ದ್ರಾವಣದಲ್ಲಿ ಅಡುಗೆ ಉಪ್ಪು ಅದಕ್ಕಿಂತ ಹೆಚ್ಚು ಕರಗಿ ನಿಲ್ಲುವುದಿಲ್ಲ. ಆಗ ನೀರಿನ ಅಳತೆ ಕಡಿಮೆಯಾಗಿದೆ, ಇಲ್ಲವೇ ತೈಲದಲ್ಲಿ ಉಪ್ಪು ಹರಳಾಗಿಯೇ ಬರುತ್ತಿದೆ.

ಅನುಮಾನ ಉಳಿದರೆ ಬಾಟಲಿಯ ತಳದಲ್ಲಿ ಬೇರೆಯಾದ ನೀರನ್ನು ಪರೀಕ್ಷಾ ನಳಿಕೆಗೆ ಬಗ್ಗಿಸಿ, ಸ್ವಲ್ಪ ಆಮ್ಲದ ಜೊತೆ ಎರಡು ಹನಿ ಬೇರಿಯಂ ಕ್ಲೋರೈಡ್ ಬಿಡಿ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಲೀಟರಿಗೆ ಗ್ರಾಂಗಟ್ಟಲೆ ಇದೆ, ನಳಿಕೆ ತಟ್ಟನೆ ಹಾಲಿನಂತೆ ಬೆಳ್ಳಗಾಗುತ್ತದೆ. ಕಟು ಉಪ್ಪಿನ ಬಾವಿ ನೀರಾದರೆ ಮಸುಕು ಮಾತ್ರ. ಒಂದು ತಕರಾರು ಇದೆ: ತೈಲಪದರದ ಒತ್ತಡ ಕಾಯಲು ಸಮುದ್ರದ ನೀರನ್ನೇ ನೆಲದೊಳಕ್ಕೆ ನೂಕುವ ಕ್ಷೇತ್ರಗಳಲ್ಲಿ ಆ ನೀರು ವರ್ಷಗಳ ಬಳಿಕ ಬಾವಿಯ ಮೂಲಕ ವಾಪಸು ಬರುತ್ತದೆ. ಹಾಗಾಗಿ ಟ್ಯಾಂಕ್‌ಗೆ ಇಳಿಯುವ ತೈಲದ ಮಾದರಿಯೊಂದೇ ಸಾಲದು. ಸೆಪರೇಟರ್ ದಾಟಿದ ಕಡೆ, ಡಿಸಾಲ್ಟರ್ ದಾಟಿದ ಕಡೆ, ಕೂಲರ್ ದಾಟಿದ ಕಡೆ, ಮೂರೂ ಜಾಗದಲ್ಲಿ ಒಂದೇ ಗಂಟೆಯೊಳಗೆ ಹಿಡಿಯಿರಿ. ನೀರು ಎಲ್ಲಿ ಜಿಗಿಯಿತು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಬಾವಿಯ ನೀರಾದರೆ

ಬೇರ್ಪಡಿಸುವ ಕೆಲಸ ಎಡವಿದೆ. ಸೆಪರೇಟರ್‌ನ ಪಕ್ಕದಲ್ಲಿ ಬೇರೆ ಬೇರೆ ಎತ್ತರದಲ್ಲಿ ಸಣ್ಣ ನಲ್ಲಿಗಳಿರುತ್ತವೆ, ಟ್ರೈ ಕಾಕ್ ಎನ್ನುತ್ತೇವೆ. ಪರದೆಯ ಮೇಲಿನ ಮಟ್ಟದ ಅಂಕಿಯನ್ನು ಬದಿಗಿಟ್ಟು ಕೆಳಗಿನಿಂದ ಮೇಲಕ್ಕೆ ಒಂದೊಂದರಿಂದ ಒಂದೊಂದು ಗಾಜಿನ ಬಾಟಲಿ ಹಿಡಿಯಿರಿ, ಸಾಲಾಗಿ ಜೋಡಿಸಿ. ಮೊದಲನೆಯದರಲ್ಲಿ ತಿಳಿ ನೀರು, ಕೊನೆಯದರಲ್ಲಿ ಕಪ್ಪು ತೈಲ ಇರಬೇಕು. ನಡುವಿನ ಒಂದು ಬಾಟಲಿಯಲ್ಲಿ ಕಂದು ಬಣ್ಣದ ಗೊಜ್ಜು ಇದ್ದರೆ ಅದು ಸಹಜ. ಮೂರು ಬಾಟಲಿಯಲ್ಲಿ ಗೊಜ್ಜು ಇದ್ದರೆ ಎಣ್ಣೆಯೂ ಅಲ್ಲದ ನೀರೂ ಅಲ್ಲದ ಎಮಲ್ಷನ್ ಪದರ ಬೆಳೆದಿದೆ. ಮಟ್ಟ ತೋರಿಸುವ ಉಪಕರಣಕ್ಕೆ ಆ ಗೊಜ್ಜು ಯಾವುದೆಂದು ಗೊತ್ತಾಗುವುದಿಲ್ಲ. ಅದು ಎಲ್ಲವೂ ಸರಿಯಿದೆ ಎಂದೇ ಹೇಳುತ್ತಿರುತ್ತದೆ. ಬಾಟಲಿಗಳಲ್ಲಿ ನೀರು ಮೇಲಿನವರೆಗೂ ತಿಳಿಯಾಗಿಯೇ ಇದ್ದು ಪರದೆಯಲ್ಲಿ ಮಟ್ಟ ಕಡಿಮೆ ಇದ್ದರೆ ತಪ್ಪು ಉಪಕರಣದ್ದು. ಅದರ ತೇಲುಕಡ್ಡಿಗೆ ಮಡ್ಡಿ ಹತ್ತಿದೆಯೇ ನೋಡಿಸಿ.

ಗೊಜ್ಜು ಏಕೆ ಬೆಳೆಯಿತು? ಮೂರು ಕಡೆ ವಿಚಾರಿಸುತ್ತೇನೆ. ಮೊದಲನೆಯದು ಬಿಸಿ. ನೀರಿನ ಹನಿ ತಳಕ್ಕಿಳಿಯುವ ವೇಗ ಹನಿಯ ಅಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ, ತೈಲದ ಜಿಗುಟಿಗೆ ತಕ್ಕಂತೆ ಇಳಿಯುತ್ತದೆ. ಹನಿ ಎರಡು ಪಟ್ಟು ದೊಡ್ಡದಾದರೆ ನಾಲ್ಕು ಪಟ್ಟು ಬೇಗ ಇಳಿಯುತ್ತದೆ. ತೈಲ ತಣ್ಣಗಾಗಿ ಜಿಗುಟಾದರೆ ಅಷ್ಟೇ ತಡ. ಜನವರಿ, ಫೆಬ್ರುವರಿಯಲ್ಲಿ ಕೊಲ್ಲಿಯ ನೀರು ಬೇಸಿಗೆಗಿಂತ ಹತ್ತು ಡಿಗ್ರಿಗೂ ಹೆಚ್ಚು ತಣ್ಣಗಿರುತ್ತದೆ, ತಳದ ಪೈಪ್‌ಲೈನ್‌ನಲ್ಲಿ ಬರುವ ತೈಲವೂ ಹಾಗೆಯೇ ಬರುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ನಡೆದ ಸೆಪರೇಟರ್ ಚಳಿಯಲ್ಲಿ ಮುನಿಸಿಕೊಂಡರೆ ಹೀಟರ್ ನೋಡಿ.

ಎರಡನೆಯದು ಪೈಪ್‌ಲೈನ್ ಉಜ್ಜುವ ಕೆಲಸ. ಪೈಪಿನೊಳಗೆ ಉಜ್ಜುತ್ತಾ ಸಾಗುವ ಬಿರಡೆಯಾದ ಪಿಗ್ ಓಡಿಸಿದಾಗ ಅದರ ಮುಂದೆ ನಿಂತ ನೀರಿನ ಗಡ್ಡೆ, ಜೊತೆಗೆ ಕಬ್ಬಿಣದ ಸಲ್ಫೈಡ್‌ನ ಕಪ್ಪು ಪುಡಿ ಬರುತ್ತದೆ. ಆ ನುಣ್ಣನೆಯ ಪುಡಿ ಹನಿಗಳ ಸುತ್ತ ಅಂಟಿಕೊಂಡು ಅವು ಕೂಡದಂತೆ ತಡೆಯುತ್ತದೆ. ಬಾಟಲಿಯ ಗೊಜ್ಜನ್ನು ಬೆರಳಿನಷ್ಟು ಅಗಲದ ಬಿಳಿ ಕಾಗದಕ್ಕೆ ಹಚ್ಚಿ ನೋಡಿ, ಮಸಿಯಂಥ ಗೆರೆ ಎಳೆದರೆ ಕಾರಣ ಸಿಕ್ಕಂತೆ. ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ. ಒಣಗಿದ ಕಬ್ಬಿಣದ ಸಲ್ಫೈಡ್ ಗಾಳಿ ತಾಗಿದರೆ ತಾನಾಗಿ ಕಿಡಿಗಟ್ಟುತ್ತದೆ. ನೀರಿನಲ್ಲಿ ನೆನೆಸಿಡಿ.

ಮೂರನೆಯದನ್ನು ಅನೇಕರು ಕೇಳುವುದೇ ಇಲ್ಲ. ಸುಣ್ಣಕಲ್ಲಿನ ಬಾವಿಗಳಿಗೆ ಹರಿವು ಹೆಚ್ಚಿಸಲು ಆಮ್ಲ ಹಾಕುವುದು ವಾಡಿಕೆ. ಕೆಲಸ ಮುಗಿದ ಆಮ್ಲ, ಕರಗಿದ ಕಬ್ಬಿಣ, ಜೊತೆಗೆ ಸೇರಿಸಿದ ಹತ್ತಾರು ರಾಸಾಯನಿಕಗಳು ಬಾವಿ ತೆರೆದಾಗ ತೈಲದೊಂದಿಗೆ ದ್ವೀಪಕ್ಕೆ ಬರುತ್ತವೆ. ಬೇರೆಯಾದ ನೀರಿಗೆ ಪಿಎಚ್ ಕಾಗದ ಅದ್ದಿ. ಎಂದಿನದಕ್ಕಿಂತ ಎರಡು ಅಂಕಿ ಕೆಳಗಿದ್ದರೆ ವೇದಿಕೆಗೆ ಫೋನ್ ಮಾಡಿ, "ನಿನ್ನೆ ಯಾವ ಬಾವಿ ತೆರೆದಿರಿ?" ಎಂದು ಕೇಳಿ. ಎಷ್ಟೋ ಸಲ ಉತ್ತರದಲ್ಲೇ ಪರಿಹಾರವಿರುತ್ತದೆ: ಆ ಬಾವಿಯ ಹರಿವನ್ನು ಕೆಲವು ದಿನ ಬೇರೆಯಾಗಿ ಹಿಡಿದು ಆಮ್ಲ ತಟಸ್ಥಗೊಳಿಸಿ ಆಮೇಲೆ ಸೇರಿಸಿದರೆ ಗೊಜ್ಜು ಕರಗುತ್ತದೆ.

ಸೆಪರೇಟರ್ ಸರಿಯಿದ್ದು ಡಿಸಾಲ್ಟರ್ ಸೋತಿದ್ದರೆ ಅದರ ವಿದ್ಯುತ್ ಮೀಟರ್‌ಗಳೇ ಮಾತನಾಡುತ್ತವೆ. ಆಂಪ್ ಏರಿ ವೋಲ್ಟೇಜ್ ಕುಸಿದಿದ್ದರೆ ಒಂದೋ ನೀರು ಅಥವಾ ಗೊಜ್ಜು ಒಳಗಿನ ವಿದ್ಯುತ್ ಜಾಲರಿಗಳಲ್ಲಿ ಕೆಳಗಿನದನ್ನು ಮುಟ್ಟಿದೆ, ಇಲ್ಲವೇ ಒಳಗಿನ ಇನ್ಸುಲೇಟರ್ ಅಥವಾ ಟ್ರಾನ್ಸ್‌ಫಾರ್ಮರ್‌ನಿಂದ ಒಳಹೋಗುವ ಬುಷಿಂಗ್ ಸೋರಿದೆ. ಎರಡನ್ನು ಬೇರ್ಪಡಿಸುವುದು ಕಷ್ಟವಲ್ಲ. ನೀರಿನ ಮಟ್ಟವನ್ನು ಒಂದು ಗೇಣು ಇಳಿಸಿ ಅರ್ಧ ಗಂಟೆ ಕಾಯಿರಿ. ವೋಲ್ಟೇಜ್ ಚೇತರಿಸಿಕೊಂಡರೆ ಗೊಜ್ಜಿನ ಕಾಟ, ಚೇತರಿಸಿಕೊಳ್ಳದಿದ್ದರೆ ವಿದ್ಯುತ್ ವಿಭಾಗದವರನ್ನು ಕರೆಯಿರಿ.

ಸಿಹಿನೀರಾದರೆ

ಇದು ಬೇಗ ಮುಗಿಯುತ್ತದೆ. ಡಿಸಾಲ್ಟರ್‌ಗೆ ಬಿಡುವ ತೊಳೆಯುವ ನೀರು ಸಾಮಾನ್ಯವಾಗಿ ತೈಲದ ಶೇ 3ರಿಂದ 6. ಅದನ್ನು ಬೆರೆಸುವ ವಾಲ್ವ್ ಮೊಸರು ಕಡೆಯುವ ಕಡಗೋಲಿನ ಹಾಗೆ: ಹಗುರಾಗಿ ಕಡೆದರೆ ಉಪ್ಪು ತೊಳೆಯುವುದಿಲ್ಲ, ಬಿರುಸಾಗಿ ಕಡೆದರೆ ಹನಿ ನುಣ್ಣಗಾಗಿ ಬೇರೆಯಾಗುವುದೇ ಇಲ್ಲ. ವಾಲ್ವ್‌ನ ಎರಡು ಬದಿಯ ಒತ್ತಡದ ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಪ್ರತಿ ಸಲವೂ ಎರಡು ಗಂಟೆ ಕಾಯ್ದು ಮಾದರಿ ತೆಗೆಯಿರಿ. ಉಪ್ಪೇ ಇಲ್ಲದ ನೀರಾದರೆ ಸ್ಟೆಬಿಲೈಸರ್‌ನ ತೈಲವನ್ನು ಉಗಿಯಿಂದ ಬಿಸಿ ಮಾಡುವ ರೀಬಾಯ್ಲರ್‌ನ ನಳಿಕೆಗಳನ್ನು ಅನುಮಾನಿಸಿ. ಮಳೆ ಕೊಲ್ಲಿಯಲ್ಲಿ ಅಪರೂಪ, ಆದರೆ ಅಪರೂಪಕ್ಕೆ ಬಂದರೆ ಕಂಗೆಡಿಸುತ್ತದೆ. 2024ರ ಏಪ್ರಿಲ್ 16ರಂದು ಅಲ್ ಐನ್ ಪ್ರದೇಶದ ಒಂದು ಕೇಂದ್ರದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಸುರಿದದ್ದು ನೆನಪಿರಬಹುದು. ತೇಲುವ ಚಾವಣಿಯ ಟ್ಯಾಂಕ್‌ನಲ್ಲಿ ಮಳೆನೀರು ಇಳಿಯುವ ಕೊಳವೆ ತೈಲದೊಳಗಿಂದಲೇ ಹಾದು ಹೋಗುತ್ತದೆ. ಅದು ಎಲ್ಲೋ ಸೀಳಿದ್ದರೆ ಚಾವಣಿಯ ನೀರೆಲ್ಲ ಸರಕಿಗೆ.

ಸಮುದ್ರದ ನೀರಾದರೆ

ಈಗ ನನ್ನ ಒಂಬತ್ತು ದಿನಗಳ ಕಥೆ. ದ್ವೀಪದ ಹೆಸರೂ ಕಂಪನಿಯ ಹೆಸರೂ ಬೇಡ.

ಫೆಬ್ರುವರಿ ತಿಂಗಳು. ಒಂದು ವೇದಿಕೆ ದುರಸ್ತಿಗೆಂದು ನಿಂತಿತ್ತು, ದ್ವೀಪಕ್ಕೆ ಬರುವ ತೈಲ ಅರ್ಧಕ್ಕಿಳಿದಿತ್ತು. ಟ್ಯಾಂಕ್‌ಗೆ ಹೋಗುವ ತೈಲದಲ್ಲಿ ನೀರು ಒಂದು ದಿನ ಶೇ 0.8, ಮರುದಿನ 0.1, ಮತ್ತೆರಡು ದಿನ 0.7. ಹರಿವು ಅರ್ಧವಾಗಿರುವಾಗ ಸೆಪರೇಟರ್‌ನಲ್ಲಿ ತೈಲ ಹೆಚ್ಚು ಹೊತ್ತು ನಿಲ್ಲುತ್ತದೆ, ನೀರು ಇನ್ನೂ ಚೆನ್ನಾಗಿ ಬೇರೆಯಾಗಬೇಕು. ಈ ವಿಚಿತ್ರ ನಮ್ಮ ಕಣ್ಣಿಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಚಳಿ ಎಂದೆವು, ಪಿಗ್ ಎಂದೆವು. ಡಿಮಲ್ಸಿಫೈಯರ್ ಒಂದೂವರೆ ಪಟ್ಟು ಮಾಡಿದೆವು, ಐದನೇ ದಿನ ಎರಡು ಪಟ್ಟು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಅಷ್ಟೇ ಆಗಿದ್ದರೆ ಹಣ ಮಾತ್ರ ಹೋಗುತ್ತಿತ್ತು. ಆ ರಾಸಾಯನಿಕ ಮಿತಿ ಮೀರಿದರೆ ಎಮಲ್ಷನ್ ಬಿಡಿಸುವ ಬದಲು ಹೊಸದಾಗಿ ಕಟ್ಟತೊಡಗುತ್ತದೆ. ಸೆಪರೇಟರ್‌ನಿಂದ ಹೊರಹೋಗುವ ನೀರಿನಲ್ಲಿ ಎಣ್ಣೆ ಕಾಣಿಸತೊಡಗಿತು. ಒಂದಿದ್ದ ತೊಂದರೆ ಎರಡಾಯಿತು.

ಲ್ಯಾಬ್‌ನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬನಿದ್ದ. ಒಂಬತ್ತನೇ ದಿನ ರಾತ್ರಿ ಊಟದ ಹೊತ್ತಿನಲ್ಲಿ ಮೆಸ್‌ಗೆ ಬಂದು ನನ್ನ ತಟ್ಟೆಯ ಪಕ್ಕ ಒಂದು ಪರೀಕ್ಷಾ ನಳಿಕೆ ಇಟ್ಟ. ಒಳಗೆ ಹಾಲಿನಂಥ ಬಿಳುಪು.

"ಇದು ಬಾವಿಯ ನೀರಲ್ಲ ಮಾರಾಯರೇ," ಎಂದ. "ನಾವು ಇಷ್ಟು ದಿನ ಸಮುದ್ರಕ್ಕೆ ಔಷಧ ಹಾಕುತ್ತಿದ್ದೇವೆ."

ಅಲ್ಲೇ ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿದೆವು. ನೀರು 0.8, ಉಪ್ಪು 118. ಒಳ್ಳೆಯ ದಿನದ 0.1 ಮತ್ತು 8ನ್ನು ಕಳೆದರೆ 0.7 ಮತ್ತು 110. ಭಾಗಿಸಿದರೆ ಸುಮಾರು 45. ಸಮುದ್ರದ ನೀರಿನ ಬಾಟಲಿಯನ್ನು ಅವನು ಆಗಲೇ ಅಳೆದಿದ್ದ: 44.

ಸಮುದ್ರದ ನೀರು ತೈಲದ ಹತ್ತಿರ ಬರುವ ಜಾಗಗಳು ಹೆಚ್ಚಿಲ್ಲ. ಡಿಸಾಲ್ಟರ್ ದಾಟಿದ ತೈಲ ಶುದ್ಧವಿತ್ತು, ಕೂಲರ್ ದಾಟಿದ್ದು ಕೆಟ್ಟಿತ್ತು. ಕೂಲರ್ ಎಂದರೆ ಒಂದು ದೊಡ್ಡ ಸಿಲಿಂಡರ್‌ನೊಳಗೆ ನೂರಾರು ಸಣ್ಣ ನಳಿಕೆಗಳು. ನಳಿಕೆಯೊಳಗೆ ಸಮುದ್ರದ ನೀರು, ಹೊರಗೆ ತೈಲ. ಆದರೆ ಎಲ್ಲರೂ ಒಂದೇ ಮಾತು ಹೇಳಿದರು: ಅಲ್ಲಿ ತೈಲದ ಒತ್ತಡ ಜಾಸ್ತಿ, ನಳಿಕೆ ತೂತಾದರೆ ತೈಲ ಸಮುದ್ರಕ್ಕೆ ಹೋಗಬೇಕೇ ಹೊರತು ಸಮುದ್ರ ತೈಲಕ್ಕೆ ಬರುವುದಿಲ್ಲ. ವಿನ್ಯಾಸದ ಹಾಳೆಯಲ್ಲೂ ಹಾಗೆಯೇ ಇತ್ತು.

ಹಾಳೆ ಬರೆದವರು ಪೂರ್ತಿ ಹರಿವಿಗೆ ಬರೆದಿದ್ದರು. ನಾನು ಒತ್ತಡ ತೋರಿಸುವ ಗೇಜ್ ಹತ್ತಿರ ಹೋಗಿ ನಿಂತು ಓದಿದೆ. ಸಮುದ್ರದ ನೀರು 2.6 ಬಾರ್. ತೈಲ 1.1 ಬಾರ್. ಹರಿವು ನಿಯಂತ್ರಿಸುವ ವಾಲ್ವ್ ಕೂಲರ್‌ಗಿಂತ ಮೊದಲೇ ಇತ್ತು. ಹಾಗಾಗಿ ಕೂಲರ್‌ನೊಳಗಿನ ತೈಲದ ಒತ್ತಡ ಎಂದರೆ ಟ್ಯಾಂಕ್‌ವರೆಗಿನ ಪೈಪಿನ ಘರ್ಷಣೆ ಮತ್ತು ಟ್ಯಾಂಕ್‌ನಲ್ಲಿನ ತೈಲದ ಎತ್ತರ, ಎರಡೇ. ಹರಿವು ಅರ್ಧವಾದರೆ ಘರ್ಷಣೆ ಕಾಲು ಭಾಗಕ್ಕೆ ಇಳಿಯುತ್ತದೆ. ತುಂಬಿದ ಟ್ಯಾಂಕ್‌ನಿಂದ ಖಾಲಿ ಟ್ಯಾಂಕ್‌ಗೆ ಬದಲಾಯಿಸಿದರೆ ಇನ್ನೊಂದು ಬಾರ್ ಹೋಗುತ್ತದೆ. ಪೂರ್ತಿ ಹರಿವಿನ ದಿನಗಳ ಹಳೆಯ ದಾಖಲೆಯಲ್ಲಿ ಅದೇ ಗೇಜ್ 3.9 ತೋರಿಸಿತ್ತು.

ಆಮೇಲೆ ಇನ್ನೊಂದು ಪುಸ್ತಕ ತರಿಸಿದೆ. ಸಮುದ್ರಕ್ಕೆ ನೀರು ಬಿಡುವ ಬಾಯಿಯ ಬಳಿ ದಿನಕ್ಕೆರಡು ಸಲ ಹೋಗಿ ನೋಡುವವರ ಲಾಗ್ ಬುಕ್ ಅದು. ದುರಸ್ತಿ ಶುರುವಾಗುವ ಮುಂಚಿನ ವಾರಗಳಲ್ಲಿ ಅಲ್ಲಲ್ಲಿ ಒಂದು ಸಾಲು: "ನೀರಿನ ಮೇಲೆ ಬಣ್ಣದ ತೆಳು ಪದರ, ಸ್ವಲ್ಪ ಹೊತ್ತಿನಲ್ಲಿ ಮಾಯ." ಹರಿವು ಅರ್ಧವಾದ ದಿನದಿಂದ ಆ ಸಾಲು ಕಡಿಮೆಯಾಗಿತ್ತು. ನಡುವೆ ಎರಡು ದಿನ ಮತ್ತೆ ಬರೆದಿದ್ದರು. ಅವು ವೇದಿಕೆಯವರು ಹರಿವು ಏರಿಸಿ ನೋಡಿದ ದಿನಗಳು, ನಮ್ಮ ತೈಲದಲ್ಲಿ ನೀರು 0.1 ಇದ್ದ ದಿನಗಳು. ಒಂದೇ ತೂತು. ತೈಲ ಬಲವಾಗಿದ್ದ ದಿನ ಸಮುದ್ರಕ್ಕೆ, ಸಮುದ್ರ ಬಲವಾಗಿದ್ದ ದಿನ ಟ್ಯಾಂಕ್‌ಗೆ. ಎರಡು ಪುಸ್ತಕಗಳೂ ಒಂದೇ ಕಟ್ಟಡದಲ್ಲಿ, ಎರಡು ಕೋಣೆಗಳಲ್ಲಿ ಇದ್ದವು.

ನಿಮ್ಮಲ್ಲಿ ಹೀಗಾದರೆ ಮಾಡಬೇಕಾದದ್ದು ಇಷ್ಟು. ಬದಲಿ ಕೂಲರ್‌ಗೆ ತೈಲವನ್ನು ತಿರುಗಿಸಿ, ಅನುಮಾನದ ಕೂಲರ್‌ನ ಎರಡೂ ಬದಿಯನ್ನು ಮುಚ್ಚಿ. ವಾಲ್ವ್ ಮುಚ್ಚಿದರೆ ಸಾಲದು, ಪೈಪನ್ನು ಪೂರ್ತಿ ಅಡ್ಡಗಟ್ಟುವ ಕುರುಡು ತಟ್ಟೆ ಹಾಕಿ, ಏಕೆಂದರೆ ಹಳೆಯ ವಾಲ್ವ್‌ಗಳೂ ಸೋರುತ್ತವೆ. ಎರಡು ಗಂಟೆಯಲ್ಲಿ ಮಾದರಿ ಶುದ್ಧವಾದರೆ ಕಳ್ಳ ಸಿಕ್ಕಂತೆ. ಬದಲಿ ಕೂಲರ್ ಇಲ್ಲದಿದ್ದರೆ ಮುಚ್ಚುವವರೆಗೆ ತೈಲವನ್ನು ಎತ್ತರದ ಮಟ್ಟವಿರುವ ಟ್ಯಾಂಕ್‌ಗೆ ಬಿಡುವುದು ತಾತ್ಕಾಲಿಕ ಉಪಾಯವೆಂದು ತೋರುತ್ತದೆ. ಆದರೆ ಆಗ ತೈಲ ಸಮುದ್ರ ಸೇರುತ್ತದೆ. ಅದನ್ನು ಮಾಡಬೇಡಿ. ಹರಿವು ನಿಲ್ಲಿಸುವ ಧೈರ್ಯ ಬೇಕು.

ತೆರೆದಾಗ ನೋಡಿದ್ದು ಹೇಳುತ್ತೇನೆ. ಎರಡೂ ತುದಿಯ ಮುಚ್ಚಳ ಬಿಚ್ಚಿ ತೈಲದ ಬದಿಗೆ ನೀರು ತುಂಬಿ ಒತ್ತಡ ಕೊಟ್ಟೆವು. ನಳಿಕೆಗಳ ಬಾಯಿಗಳು ಜೇನುಗೂಡಿನಂತೆ ಸಾಲಾಗಿ ಒಣಗಿದ್ದವು. ಟಾರ್ಚ್ ಹಿಡಿದು ಕಾದೆವು. ಐದು ನಿಮಿಷಕ್ಕೆ ಮೇಲಿನ ಬಲ ಮೂಲೆಯ ಒಂದು ಬಾಯಿಯಲ್ಲಿ ಹನಿಯೊಂದು ಮೂಡಿ, ದುಂಡಗಾಗಿ, ಅಂಚು ದಾಟಿ ಬಿತ್ತು. ಆಮೇಲೆ ಅದರ ಪಕ್ಕದ್ದು. ಒಟ್ಟು ನಾಲ್ಕು. ಸಮುದ್ರದ ನೀರು ಒಳನುಗ್ಗುವ ತುದಿಯಲ್ಲೇ ತಾಮ್ರ-ನಿಕಲ್‌ನ ಗೋಡೆ ಸವೆದು ಹೋಗಿತ್ತು. ಮರಳು, ಕಪ್ಪೆಚಿಪ್ಪಿನ ಚೂರು, ಸುಳಿಯುವ ನೀರು ಸೇರಿದರೆ ಹಾಗೆ ಆಗುತ್ತದೆ. ನಾಲ್ಕಕ್ಕೂ ಎರಡೂ ತುದಿಯಲ್ಲಿ ಅದೇ ಲೋಹದ ಮೊನಚು ಬೂಚು ಬಡಿದು ಮತ್ತೆ ಪರೀಕ್ಷಿಸಿದೆವು.

ಟ್ಯಾಂಕ್‌ಗೆ ಈಗಾಗಲೇ ಸೇರಿದ ನೀರು

ಕೆಟ್ಟ ತೈಲವನ್ನು ಒಳ್ಳೆಯ ಟ್ಯಾಂಕ್‌ಗೆ ಬೆರೆಸಿ ಸರಾಸರಿ ಇಳಿಸುವ ಆಸೆ ಬರುತ್ತದೆ. ಬೇಡ. ಕಲಕುವ ಯಂತ್ರ ನಿಲ್ಲಿಸಿ, ಟ್ಯಾಂಕ್ ಅನ್ನು ನಿಲ್ಲಲು ಬಿಡಿ. ನೀರು ಹುಡುಕುವ ಪೇಸ್ಟ್ ಹಚ್ಚಿದ ಟೇಪ್ ಇಳಿಸಿದರೆ ತಳದ ನೀರಿನ ಎತ್ತರಕ್ಕೆ ಬಣ್ಣ ಬದಲಾಗುತ್ತದೆ. ಆ ನೀರನ್ನು ಮುಚ್ಚಿದ ಚರಂಡಿಗೆ ನಿಧಾನವಾಗಿ ಇಳಿಸಿ, ಮೇಲೆ, ನಡುವೆ, ಕೆಳಗೆ ಮೂರು ಮಾದರಿ ತೆಗೆದು ಮೂರೂ ಮಿತಿಯೊಳಗೆ ಬಂದ ಮೇಲೆಯೇ ಹಡಗಿಗೆ ಬಿಡಿ.

ತಡವಾದರೆ ಹಡಗಿನವರು ಗೊಣಗುತ್ತಾರೆ, ಗೊಣಗಲಿ. ದೊಡ್ಡ ಹಡಗೊಂದು ಸುಮಾರು 20 ಲಕ್ಷ ಬ್ಯಾರೆಲ್ ಒಯ್ಯುತ್ತದೆ. ಮಿತಿಗಿಂತ ಶೇ 0.3 ಹೆಚ್ಚು ನೀರು ಎಂದರೆ 6,000 ಬ್ಯಾರೆಲ್ ಸಮುದ್ರವನ್ನು ಸಮುದ್ರದ ಮೇಲೆ ಹೊತ್ತು ಸಾಗಿಸಿದಂತೆ. ಅಬುಧಾಬಿಯ ತೈಲ 2018ರಲ್ಲಿ ಮಂಗಳೂರಿನ ನೆಲದಡಿಯ ಸಂಗ್ರಹಾಗಾರಕ್ಕೆ ಬರತೊಡಗಿದಾಗ ಮೊದಲ ಕಂತೇ 20 ಲಕ್ಷ ಬ್ಯಾರೆಲ್‌ನದು. ನಾವು ಬಿಟ್ಟ ನೀರು ಅಂಥ ಊರಿಗೇ ಹೋಗುತ್ತದೆ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಹೆಚ್ಚು. ಸಂಸ್ಕರಣಾಗಾರದ ಕುಲುಮೆಯ ಬಿಸಿಗೆ ಅದು ಬೇಗ ಒಡೆದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಅಲ್ಲಿನ ಗೋಪುರದ ನೆತ್ತಿಯನ್ನು ತಿನ್ನುತ್ತದೆ. ನಮ್ಮ ನಾಲ್ಕು ನಳಿಕೆಗಳ ದಂಡ ಅವರು ಕಟ್ಟಬೇಕಾಗುತ್ತದೆ.

ದುರಸ್ತಿ ಮುಗಿದ ಮೇಲೆ ಒಂದು ವಾರ ದಿನಕ್ಕೊಮ್ಮೆ ಆ ಭಾಗಾಕಾರ ಮಾಡಿ, ಉತ್ತರವನ್ನು ಲಾಗ್ ಬುಕ್‌ನಲ್ಲಿ ಬರೆಯಿರಿ. ಕೂಲರ್‌ನ ಎರಡು ಗೇಜ್‌ಗಳ ಅಂಕಿಯನ್ನೂ ಅದೇ ಸಾಲಿನಲ್ಲಿ ಬರೆಯಿರಿ, ತೈಲದ್ದು ಸಮುದ್ರದ್ದಕ್ಕಿಂತ ಕೆಳಗಿಳಿದ ದಿನ ಕೆಂಪು ಶಾಯಿ. ಇನ್ನೊಂದು ಕೆಲಸ ಎಲ್ಲರೂ ಮರೆಯುತ್ತಾರೆ. ನಾನು 28 ದಿನದ ರಜೆ ಮುಗಿಸಿ ದ್ವೀಪಕ್ಕೆ ಮರಳಿದಾಗ ಡಿಮಲ್ಸಿಫೈಯರ್ ಪಂಪ್‌ನ ಮುಳ್ಳು ಇನ್ನೂ ಎರಡು ಪಟ್ಟಿನ ಗುರುತಿನಲ್ಲೇ ನಿಂತಿತ್ತು. ಅದನ್ನು ಹಳೆಯ ಗುರುತಿಗೆ ಇಳಿಸಿ.